ವೀಬ್ಕೆ ಹೊಡೆದುಹಾಕಿಸಿದ ಸಾಲು

ಒಟ್ಮಾರ್,

ರಾತ್ರಿಯೆಲ್ಲ ಬೇಕರಿಯಲ್ಲಿ ದುಡಿದು ಮಲಗಿದ್ದೀಯ ಅಂತ ಎಬ್ಬಿಸಲಿಲ್ಲ. ಮೊದಲು ಇದನ್ನ ಓದು, ಆಮೇಲೆ ಕೂಗಾಡು. ನಮ್ಮ ಅಳಿಯ ಆಗೋ ದುವಾರ್ತೆಯ ಅಪ್ಪ ಅಮ್ಮ ಪೋರ್ಚುಗಲ್‌ನಿಂದ ಬರ್ತಿದ್ದಾರೆ, ಬೀಗರನ್ನ ಕರ್ಕೊಂಡು ಬರೋಕೆ ವಿಮಾನ ನಿಲ್ದಾಣಕ್ಕೆ ಹೊರಟೆ. ಒಲೆ ಮೇಲೆ ಬಟಾಣಿ ಸೂಪ್ ಇದೆ, ಬಿಸಿ ಮಾಡುವಾಗ ತಳ ಹಿಡಿಯದ ಹಾಗೆ ನೋಡ್ಕೋ.

ನೀನು ಮಲಗಿದ್ದಾಗ, ಯಾರ ಆಸ್ತಿ ಯಾರಿಗೆ ಅಂತ ಬರೆದ ಮದುವೆ ಕರಾರಿಗೆ ಸಹಿ ಆಯ್ತು. ಆದ್ರೆ ನೀನು ಹಟ ಹಿಡಿದು ಸೇರಿಸಿದ ಸಾಲು ಅದರಲ್ಲಿಲ್ಲ.

ನೋಟರಿ ಪದ್ಧತಿ ಪ್ರಕಾರ ಕರಾರು ಪೂರ್ತಿ ಗಟ್ಟಿಯಾಗಿ ಓದ್ತಿದ್ರು. ದುವಾರ್ತೆ ಎಲ್ಲದಕ್ಕೂ ತಲೆಯಾಡಿಸ್ತಿದ್ದ. ನಿನ್ನ ಮಗಳು ವೀಬ್ಕೆ ತಡೆದ್ಲು. "ನಿಲ್ಲಿಸಿ ಸಾರ್. ಇವನಿಗೆ ಬ್ರೆಡ್ ಮಾರೋವಷ್ಟು ಜರ್ಮನ್ ಬರುತ್ತೆ, ಕಾನೂನು ತಿಳಿಯೋವಷ್ಟಲ್ಲ. ಇವನ ಭಾಷೆಯಲ್ಲೂ ಓದಿಸಿ" ಅಂದ್ಲು. ದುಭಾಷಿ ಬರೋ ತನಕ ಎಲ್ಲರನ್ನೂ ಕೂರಿಸಿದ್ಲು, ನೋಟರಿಯನ್ನೂ!

ಬೇಕರಿಯಲ್ಲಿ ಎಷ್ಟೇ ವರ್ಷ ದುಡಿದಿದ್ರೂ, ಬೇರೆಯಾದ್ರೆ ಅವನಿಗೆ ಬಿಡಿಗಾಸೂ ಇಲ್ಲ ಅನ್ನೋ ನಿನ್ನ ಸಾಲನ್ನ ಪೋರ್ಚುಗೀಸಿನಲ್ಲಿ ಕೇಳಿದಾಗ ಅವನ ತಲೆ ಆಡಲಿಲ್ಲ. ಪಾಪ, ಆದ್ರೂ ಪೆನ್ನು ತಗೊಂಡ. ಇವಳು ಕಸ್ಕೊಂಡ್ಲು. "ಬೇಕರಿ ನಮ್ಮ ಮನೇದಾಗೇ ಇರ್ಲಿ. ಇವನು ದುಡಿದಿದ್ದು ಇವನಿಗೆ ಸಿಗ್ಬೇಕು. ಆ ಸಾಲು ಹೊಡೆದುಹಾಕಿ" ಅಂದ್ಲು.

ನನಗಂತೂ ಎದೆ ಉಬ್ಬಿಹೋಯ್ತು ಕಣಯ್ಯ.

ಗಡ್ಡ ಬೋಳಿಸ್ಕೊಂಡು ನೀಲಿ ಅಂಗಿ ಹಾಕ್ಕೋ, ಇಸ್ತ್ರಿ ಮಾಡಿಟ್ಟಿದ್ದೀನಿ. ಬೀಗರ ಮುಂದೆ ಮೂತಿ ಊದಿಸ್ಕೊಂಡು ಕೂರ್ಬೇಡ. ವೀಬ್ಕೆಯನ್ನೂ ಬೈಬೇಡ. ತಕ್ಕಡಿ ಮೇಲೆ ಬೆರಳು ಒತ್ತಬಾರದು ಅಂತ ಚಿಕ್ಕವಳಿದ್ದಾಗ ಅವಳಿಗೆ ಕಲಿಸಿದವನು ನೀನೇ.

ಗೆಸೀನೆ