ಎರಡು ರೆಕ್ಕೆಯ ಜೇನು

ಆಶ್‌ಕೂಂಬ್, ಹೆರೆಫರ್ಡ್‌ಶೈರ್
ಸೆಪ್ಟೆಂಬರ್ 19, 1931

ನನ್ನ ಮುದ್ದಿನ ಆಂಬ್ರೋಸ್,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಬಿಸಿಗೆ ನಿನ್ನ ಕೆಮ್ಮು ಇಳಿಯಿತೋ, ಏರಿತೋ? ನಾನು ಹೆಣೆದುಕೊಟ್ಟ ಕಾಲುಚೀಲಗಳಲ್ಲಿ ಒಂದು ದೊಡ್ಡದಾಗಿದ್ದರೆ ಯಾರಿಗೂ ಹೇಳಬೇಡ. ಮದುವೆಯ ಕೇಕು ಮುಗಿಯುವ ಮೊದಲೇ ಗಂಡನನ್ನು ಸಮುದ್ರಕ್ಕೆ ಕಳಿಸಿದವಳ ಹೆಣಿಗೆ ಹಾಗೆಯೇ ಇರುತ್ತದೆ. ನಾನು ಚೆನ್ನಾಗಿದ್ದೇನೆ. ನಿನ್ನ ಅಂಗಿಯನ್ನು ದಿಂಬಿಗೆ ತೊಡಿಸಿ ಮಲಗುತ್ತೇನೆ, ನಗಬೇಡ!

ನನ್ನ ಪೆದ್ದುತನ ಕೇಳು. ಮನೆಗೆ ಬಂದ ಸೊಸೆ ಬೀಗದ ಕೈಯಿಂದ ಜೇನುಗೂಡು ತಟ್ಟಿ ತನ್ನ ಹೆಸರು ಹೇಳಬೇಕು, ಆಗ ಒಂದೇ ಒಂದು ಕೋರಿಕೆ ನಡೆಯುತ್ತದೆ ಎಂದು ನಿನ್ನ ಅಮ್ಮ ಹೇಳಿದ್ದರಲ್ಲ. ಅವರು ಚರ್ಚಿಗೆ ಹೋದಾಗ ನಾನೊಬ್ಬಳೇ ಹಿತ್ತಲಿಗೆ ಹೋದೆ. ಬಳ್ಳಿ ಮುಚ್ಚಿದ ಹಳೆಯ ಪೀಪಾಯಿಯ ಸುತ್ತ ಜೇನೋ ಜೇನು. ಅದೇ ಗೂಡೆಂದುಕೊಂಡು ತಟ್ಟಿ ಹೆಸರು ಹೇಳಿ, ನನ್ನ ಆಂಬ್ರೋಸ್‌ನನ್ನು ಬೇಗ ಕಳಿಸಿಕೊಡಿ ಎಂದು ಕೇಳಿಕೊಂಡೆ. ಗುಂಯ್‌ಗುಟ್ಟುವಿಕೆ ಥಟ್ಟನೆ ಅಡಗಿತು. ಅಷ್ಟೂ ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತು ನನ್ನನ್ನೇ ನೋಡಿದವು.

ಸಂಜೆ ಅತ್ತೆ ಅವುಗಳಲ್ಲೊಂದನ್ನು ಗಾಜಿನ ಲೋಟದಡಿ ಹಿಡಿದು ತೋರಿಸಿದರು. ಮೈಬಣ್ಣವೆಲ್ಲ ಜೇನಿನದೇ. ಆದರೆ ರೆಕ್ಕೆ ನಾಲ್ಕಲ್ಲ, ಎರಡೇ, ಮೀಸೆ ಮೋಟು, ಮುಖದ ತುಂಬ ಕಣ್ಣು. ಮುಂಗಾಲುಗಳನ್ನು ಒಂದಕ್ಕೊಂದು ಉಜ್ಜುತ್ತ ಕೂತಿತ್ತು. ಪೀಪಾಯಿಯ ಕೊಳೆತ ನೀರಲ್ಲಿ, ಬಾಲವಿರುವ ಮರಿಹುಳುವಾಗಿ ಬೆಳೆದ ನೊಣ! ನೀನೂ ತೋಟದಲ್ಲಿ ಇದನ್ನೇ ಹೇಳಿಕೊಟ್ಟಿದ್ದೆ, "ಮೊದಲು ರೆಕ್ಕೆ ಎಣಿಸು, ವಿನ್ನಿ" ಅಂತ. ನಾನು ಆಗ ನಿನ್ನ ಕಣ್ಣುರೆಪ್ಪೆ ಎಣಿಸುತ್ತಿದ್ದೆ.

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಟ್ಟಣದ ಹುಡುಗಿ, ಹೋಗಿ ಹೋಗಿ ನೊಣದ ಹತ್ರ ಗಂಡನ್ನ ಕೇಳಿದ್ಯಾ? ಅವು ಕೊಟ್ರೂ ಎಂಥ ಗಂಡನ್ನ ಕೊಟ್ಟಾವು?" ಆಮೇಲೆ ಅವರ ನಗು ನಿಂತುಹೋಯಿತು. ನಿಜವಾದ ಗೂಡಿಗೆ ಹೋಗಿ ಮತ್ತೆ ಕೇಳಲೇ ಎಂದರೆ, ಕೇಳಿದ್ದು ಕೇಳಿಯಾಯಿತು ಎಂದು ಬಾಗಿಲು ಹಾಕಿಕೊಂಡರು. ಅಂದಿನಿಂದ ಪೀಪಾಯಿಯ ಬಳಿ ಒಂದು ನೊಣವೂ ಇಲ್ಲ. ಎಲ್ಲಿಗೆ ಹೋದವೋ.

ಅತ್ತೆಯ ಆಶೀರ್ವಾದ, ನನ್ನ ಲೆಕ್ಕವಿಲ್ಲದ ಮುತ್ತುಗಳು.

ನಿನ್ನವಳೇ ಆದ,
ವಿನ್ನಿ

ಮರೆತೆ, ಅಲ್ಲ, ಮರೆತದ್ದಲ್ಲ: ಲಕೋಟೆ ಅಂಟಿಸುವಷ್ಟರಲ್ಲಿ, ನಿನ್ನೆ ಸಂಜೆ, ನೀನು ಮನೆಗೆ ಬಂದೆ. ನಿನ್ನದೇ ಮುಖ, ನಿನ್ನದೇ ಕೆಮ್ಮು. ಅತ್ತೆ ತಬ್ಬಿಕೊಂಡು ಅತ್ತರು, ನಾನೂ ಅತ್ತುಬಿಟ್ಟೆ. ಇವತ್ತು ಅಂಗಡಿಗೆ ಹೋದಾಗ ಅಂಚೆಯಾಳು ನಿನ್ನ ತಂತಿ ಕೈಗಿತ್ತ. ಬೆಳಿಗ್ಗೆಯಷ್ಟೇ ಲಿಸ್ಬನ್‌ನಿಂದ ಕಳಿಸಿದ್ದೀಯ, ಕ್ಷೇಮ ಎಂದು. ಅತ್ತೆಗೆ ಇನ್ನೂ ಹೇಳಿಲ್ಲ. ಅವನು ಮೇಜಿನ ಆಚೆ ಕೂತಿದ್ದಾನೆ. ಜಾಮ್ ಬಿಟ್ಟು ಬೇರೇನೂ ಮುಟ್ಟಿಲ್ಲ, ರೆಪ್ಪೆ ಬಡಿಯುವುದಿಲ್ಲ, ಎರಡೂ ಅಂಗೈ ಉಜ್ಜಿಕೊಳ್ಳುತ್ತಲೇ ಇದ್ದಾನೆ. ಈಗ ತಾನೆ ಕೇಳಿದ, "ಯಾರಿಗೆ ಬರೀತಿದ್ದೀಯ, ವಿನ್ನಿ?" ಅಮ್ಮನಿಗೆ ಎಂದೆ. ಉತ್ತರವನ್ನು ಪಾದ್ರಿಗಳ ವಿಳಾಸಕ್ಕೆ ಬರೆ. ಇವತ್ತು ಬೆಳಿಗ್ಗೆ ನಮ್ಮ ಅಂಚೆಗೆ ಬಾಗಿಲಲ್ಲಿ ಅವನೇ ಕಾದು ನಿಂತಿದ್ದ.