ಹೂಂ ಅನ್ನದ ಸಾವು

ಎರಡನೆಯ ಸಮುದ್ರ ಇಂಗಿದ ಮೇಲಿನ ಶ್ರಾವಣ, ನಲವತ್ತೊಂದನೆಯ ದಿನ

ಈ ಕತೆಯನ್ನು ಮೊದಲು ಹೇಳಿದವಳು ನನ್ನ ಅಜ್ಜಿ ಹೊನ್ನವ್ವ. ಹೇಳಿದ್ದು ಹೊಳೆ ಹಿಂದಕ್ಕೆ ಹರಿದ ವರ್ಷ, ಅವರೆ ಹೂಬಿಡುವ ಹೊತ್ತಿನಲ್ಲಿ. ನಾನು ಅವಳ ಮೊಮ್ಮಗ ಈರಬಸು, ನಾನೂ ಕತೆ ಹೇಳಿ ಬದುಕುವವನು. ನಿಮಗಿಂತ ಬಹಳ ಮುಂದಿನ ಕಾಲದಲ್ಲಿ ಕೂತು, ನಿಮ್ಮ ಕಾಲದ ಕನ್ನಡಕ್ಕೆ ನಾಲಿಗೆ ಬಗ್ಗಿಸಿ ಬರೆಯುತ್ತಿದ್ದೇನೆ. ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಅದಕ್ಕಷ್ಟೇ ಕ್ಷಮೆ ಇರಲಿ. ಉಳಿದ ಯಾವುದಕ್ಕೂ ಕ್ಷಮೆ ಕೇಳುವುದಿಲ್ಲ, ನಿಮ್ಮ ಕ್ಷೇಮವನ್ನೂ ಕೇಳುವುದಿಲ್ಲ.

ನೀವು ಕತೆ ಬರೆಯಲು ಕಲಿಸುವ ಶಿಬಿರಗಳಲ್ಲಿ ಕೂತು ಪಾತ್ರ ಕಟ್ಟುವ ಅಭ್ಯಾಸ ಮಾಡುತ್ತೀರಿ. ಪಾತ್ರದ ದೊಡ್ಡ ಭಯ ಯಾವುದು? ಜೇಬಿನಲ್ಲಿ ಏನಿದೆ? ಬಾಲ್ಯದ ಗಾಯ ಯಾವುದು? ಹತ್ತು ನಿಮಿಷ ಬರೆಯುತ್ತೀರಿ, ಓದುತ್ತೀರಿ, ಚಪ್ಪಾಳೆ ತಟ್ಟಿಸಿಕೊಂಡು ಚಹಾಕ್ಕೆ ಏಳುತ್ತೀರಿ. ಅಲ್ಲಿಗೆ ಮುಗಿಯಿತೆಂದು ತಿಳಿದಿದ್ದೀರಿ. ಮುಗಿಯುವುದಿಲ್ಲ. ಕತೆ ಸಿಕ್ಕ ಪಾತ್ರ ಕತೆಯೊಳಗೆ ನೆಮ್ಮದಿಯಾಗಿರುತ್ತದೆ. ಕತೆ ಸಿಗದೆ ಹೋದದ್ದು ಎದ್ದು ನಡೆದು ನಮ್ಮ ಕಾಲಕ್ಕೆ ಬರುತ್ತದೆ. ಹಾಗೆ ಬಂದವರನ್ನು ನಾವು ಕಚ್ಚಾಮಂದಿ ಎನ್ನುತ್ತೇವೆ. ಹೊಳೆಯಾಚೆ ಅವರದೇ ಒಂದು ಕೇರಿಯಾಗಿದೆ.

ಅವರ ಬಾಳು ಕೇಳಿ. ತಮ್ಮ ಆಳದ ಭಯ ಅವರಿಗೆ ಗೊತ್ತು, ಬೆಳಿಗ್ಗೆ ಏನು ತಿನ್ನುವುದು ಇಷ್ಟವೆಂದು ಗೊತ್ತಿಲ್ಲ. ನೀವು ಕೇಳಲಿಲ್ಲವಲ್ಲ! ಒಬ್ಬನ ಜೇಬಿನಲ್ಲಿ ತುಕ್ಕು ಹಿಡಿದ ಕೀಲಿಕೈ ಇದೆ, ಊರಲ್ಲೆಲ್ಲೂ ಅದರ ಬೀಗವಿಲ್ಲ. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಬಾಳವ್ವ “ಬದನಿಕಾಯಿ ಹಾಕ್ಲೇನ?” ಎಂದರೆ ಸಾಕು, ಬಾಲ್ಯದ ಗಾಯ ಬಿಚ್ಚಿಡುತ್ತಾರೆ. “ನಾ ಬದನಿಕಾಯಿ ಕೇಳೀನಿ ತಮ್ಮಾ, ನಿನ್ನ ಕರುಳು ಕೇಳಿಲ್ಲ” ಎಂದು ಆಕೆ ಬೈಯುತ್ತಾಳೆ. ಆ ಕೇರಿಯಲ್ಲಿ ಒಬ್ಬರಿಗೂ ತಾಯಿಯಿಲ್ಲ. ಪಾತ್ರಕ್ಕೆ ಆಳ ಬರಲೆಂದು ನೀವು ಎಲ್ಲರ ತಾಯಂದಿರನ್ನೂ ಕೊಂದಿದ್ದೀರಿ. ನಿಮಗೆ ಅದು ಎಷ್ಟು ಸಲೀಸು, ಒಂದು ಸಾಲಿನ ಕೆಲಸ.

ಆ ಕೇರಿಯ ಇಳಾ ಎಂಬವಳು ಅಜ್ಜಿಯ ಬಳಿ ಬಂದಳು. ಬರೆದವರು ಅವಳಿಗೆ ಕೊಟ್ಟದ್ದು ನೀರಿನ ಭಯ, ಜೇಬಿನಲ್ಲೊಂದು ಹಸಿರು ಬಳೆಯ ಚೂರು, ಪ್ರವಾಹದಲ್ಲಿ ಕೊಚ್ಚಿಹೋದ ತಾಯಿ. ಮಾತೂ ಬರೆದವರದೇ, ಪುಸ್ತಕದ ಕನ್ನಡ.

“ಅಜ್ಜಿ, ನನಗೆ ನನ್ನ ಅಮ್ಮ ಬೇಕು.”

“ಸತ್ತಾಕೀನ ಎಲ್ಲಿಂದ ತರ್ಲೆವ್ವಾ?”

“ಅವಳು ಸತ್ತದ್ದನ್ನು ನಾನು ನೋಡಿಲ್ಲ. ಬರೆದಿದ್ದಾರೆ, ಅಷ್ಟೆ.”

ಅಜ್ಜಿ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿದಳು. “ಹೌದಲಾ! ಅದಕ್ಕ ಯಾರರ ಹೂಂ ಅಂದಾರೇನು?”

ಕತೆ ಹೇಳುವಾಗ ಕೇಳುವವರು ಹೂಂಗುಟ್ಟುವುದು ನಿಮ್ಮ ಕಾಲದಲ್ಲೂ ಇತ್ತು. ನಮ್ಮಲ್ಲಿ ಅದೇ ಕಾನೂನು. ಹೂಂ ಅಂದದ್ದು ನಡೆದದ್ದು, ಹೂಂ ಅನ್ನದೆ ಬಿಟ್ಟದ್ದು ನಡೆದೇ ಇಲ್ಲ. ಚಪ್ಪಾಳೆ ಲೆಕ್ಕಕ್ಕಿಲ್ಲ. ಅದು ಬರೆದವರಿಗೆ ಸೇರಿದ್ದು, ಕತೆಗಲ್ಲ.

ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಕಟ್ಟೆಯ ಮೇಲೆ ಕೂತು ಇಳಾಳ ಕತೆ ತೆಗೆದಳು. ಮಳೆ ಹಿಡಿಯಿತು. ಹೂಂ. ಹೊಳೆ ಏರಿ ಬಂತು. ಹೂಂ. ಮಗಳು ತಾಯಿಯ ಕೈ ಹಿಡಿದಳು, ಬಳೆ ಒಡೆಯಿತು. ಹೂಂ. ತಾಯಿ ಮುಳುಗಿ ಸತ್ತಳು.

ಯಾರೂ ಹೂಂ ಅನ್ನಲಿಲ್ಲ. ಅಜ್ಜಿ ಇನ್ನೊಮ್ಮೆ ಹೇಳಿದಳು. ಕಟ್ಟೆ ತುಂಬ ಜನ, ಒಬ್ಬರ ತುಟಿಯೂ ಅಲುಗಲಿಲ್ಲ. ಇಳಾ ಬಳೆಯ ಚೂರನ್ನು ಮುಷ್ಟಿಯಲ್ಲಿ ಒತ್ತಿಹಿಡಿದು ಕೂತಿದ್ದಳು.

ಬಾಳವ್ವ ಕೂಗಿದಳು: “ಏ ಮುದುಕಿ, ಬ್ಯಾರೆ ಹೇಳ! ಇದು ನಡದಿಲ್ಲ.”

“ಹಂಗಾದ್ರ ತಾಯಿ ದಿಮ್ಮಿ ಹಿಡಕೊಂಡು ತೇಲಿ, ಕೆಳಗಿನ ಊರಾಗ ದಂಡಿ ಹತ್ಯಾಳ” ಎಂದಳು ಅಜ್ಜಿ. “ನಾಳೆ ಮುಂಜಾನಿ ಮೊದಲನೇ ದೋಣ್ಯಾಗ ಬರ್ತಾಳ.”

ಎದ್ದ ಹೂಂಕಾರಕ್ಕೆ ಗೂಡಿನ ಕೋಳಿಗಳು ಬೆದರಿದವು.

ನಿಮಗೊಂದು ಎಚ್ಚರಿಕೆ. ಕೇರಿಯ ಉಳಿದವರು ಈಗ ನಿಮ್ಮ ಶಿಬಿರಗಳ ದಾರಿ ಕೇಳುತ್ತಿದ್ದಾರೆ. ನಾವು ತೋರಿಸುತ್ತಿದ್ದೇವೆ. ಬಾಗಿಲು ತಟ್ಟಿದವರನ್ನು ಭಯವೇನೆಂದು ಕೇಳಬೇಡಿ, ಉಂಡಿರಾ ಎಂದು ಕೇಳಿ. ಇಲ್ಲವಾದರೆ ಅವರೂ ಅಭ್ಯಾಸಕ್ಕೆ ಕೂರುತ್ತಾರೆ, ನಿಮ್ಮ ತಾಯಂದಿರ ಕತೆ ಬರೆಯುತ್ತಾರೆ. ಹೂಂ ಅನ್ನಲು ನಾವಿದ್ದೇವೆ.

ಅಂದು ಕತೆ ಕೇಳಿದವರು ಮರುದಿನ ಬೆಳಿಗ್ಗೆ ಕೆಲಸ ಬಿಟ್ಟು ಹೊಳೆದಂಡೆಗೆ ಹೋದರು. ಬಾಳವ್ವ ಒಂದು ಒಣ ಸೀರೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಇಳಾ ಎಲ್ಲರಿಗಿಂತ ಮುಂದೆ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು.