ಲೋಲಾಕ್ಷಿಯ ಪಥ್ಯ

ಡೊಂಬಿವಲಿ (ಪೂರ್ವ)
18 ನವೆಂಬರ್ 1983

ಚಿರಂಜೀವಿ ಪ್ರೇಮನಾಥನಿಗೆ ನಿನ್ನ ಅಮ್ಮ ವಿನೋದಾ ಮಾಡುವ ಆಶೀರ್ವಾದಗಳು.

ಬಹರೈನಿನಿಂದ ನೀನು ಬರೆದ ಮೂರು ಕಾಗದಗಳೂ ಬಂದಿವೆ. ಒಂದಕ್ಕೂ ಉತ್ತರ ಬರೆಯದೆ ಕುಳಿತೆನೆಂದು ಕೋಪಿಸಬೇಡ ಮಗ. ಎರಡು ಸಲ ಬರೆಯಲು ಕುಳಿತೆ. ಎರಡು ಸಲವೂ "ಇಲ್ಲಿ ನಾವೆಲ್ಲ ಸೌಖ್ಯ" ಎಂಬಲ್ಲಿ ಕೈ ನಿಂತಿತು, ಕಾಗದ ಹರಿದು ಹಾಕಿದೆ. ಈ ಸಲ ಆ ಸಾಲನ್ನು ಬಿಟ್ಟೇ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಮೊದಲೇ ಹೇಳಿಬಿಡುತ್ತೇನೆ: ನಿನ್ನ ಮಗಳು ಬದುಕಿದ್ದಾಳೆ. ಲೋಲಾಕ್ಷಿಯೂ ಚೇತರಿಸಿಕೊಂಡಿದ್ದಾಳೆ. ಆದರೆ ಇಬ್ಬರೂ ಈಗ ನನ್ನ ಜೊತೆ ಇಲ್ಲ. ಮಹಾಪೆಯ ಕಾರ್ಖಾನೆಯಲ್ಲಿರುವ ಅವಳ ಅಣ್ಣ ಮಧ್ವರಾಜನ ಕೋಣೆಯಲ್ಲಿದ್ದಾರೆ. ಯಾಕೆಂದು ಬೇರೆ ಯಾರಿಂದಲೋ ನಿನಗೆ ತಿಳಿಯುವುದಕ್ಕಿಂತ ನಾನೇ ಬರೆಯುವುದು ಸರಿ.

ತಾಯಿ ಇಲ್ಲದ ಹುಡುಗಿ ಎಂದು ಲೋಲಾಕ್ಷಿಯ ಬಾಣಂತನ ನನ್ನ ಪಾಲಿಗೆ ಬಂತು. ಜೂನ್‌ನಲ್ಲಿ ಹೊರಡುವಾಗ ನೀನು, "ನೀನುಂಟಲ್ಲ ಅಮ್ಮ, ನನಗೆ ಎಂಥ ಚಿಂತೆ?" ಎಂದು ಹೇಳಿ ಹೋದೆ. ನೀನು ವಿಮಾನ ಹತ್ತಿದ ಮರುದಿನವೇ ನಾನು ಅವಳ ಬಟ್ಟಲಿನಿಂದ ಮೀನು ತೆಗೆದೆ. ಆಗ ಅವಳಿಗೆ ಏಳು ತಿಂಗಳು. ಮೊಟ್ಟೆ ತೆಗೆದೆ. ಬಸಳೆ, ಹರಿವೆ ತಂಪು ಎಂದು ಅವನ್ನೂ ತೆಗೆದೆ. ದವಾಖಾನೆಯ ನರ್ಸ್ ಬಸುರಿಯರಿಗೆಂದು ಮೀನೆಣ್ಣೆಯ ಗುಳಿಗೆ ಕೊಟ್ಟಿದ್ದಳು, ಹಳದಿ ಬಣ್ಣದ್ದು. ಅದನ್ನು ಲೋಲಾಕ್ಷಿಗೆ ಹೇಳದೆ ಮೋರಿಗೆ ಸುರಿದೆ.

ಮಗು ಆಗಸ್ಟಿನಲ್ಲಿ ಹುಟ್ಟಿದ್ದನ್ನು ನಿನಗೆ ತಂತಿ ಕೊಟ್ಟು ತಿಳಿಸಿದ್ದೆ. ಹುಟ್ಟುವಾಗ ಎರಡು ಕಿಲೋ ಕೂಡ ಇರಲಿಲ್ಲ ಎಂಬುದನ್ನು ತಿಳಿಸಲಿಲ್ಲ. ಹೆರಿಗೆಯ ಮೇಲೆ ನನ್ನ ಪಥ್ಯ ಇನ್ನೂ ಬಿಗಿಯಾಯಿತು. ಎರಡು ಹೊತ್ತು ಗಂಜಿ, ಒಳ್ಳೆಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ಕುಡಿಯುವ ನೀರನ್ನೂ ಲೋಟದಲ್ಲಿ ಅಳೆದು ಕೊಟ್ಟೆ. ಒಂದು ದಿನ ಅವಳು ನನ್ನ ಸೆರಗು ಹಿಡಿದು ಅತ್ತಳು.

"ಅತ್ತೆ, ಹಸಿವು ತಡೀಲಿಕ್ಕೆ ಆಗುದಿಲ್ಲ. ಮೀನು ಬೇಡ, ಅದರ ರಸವಾದ್ರೂ ಸ್ವಲ್ಪ ಕೊಡಿ. ಊರಲ್ಲಿ ಬಾಣಂತಿಗೆ ಹಾಲು ಬರ್ಲಿಕ್ಕೆ ತಾಟೆ ಮೀನು ಮಾಡಿ ಹಾಕ್ತಾರಲ್ಲ?"

"ಊರಲ್ಲಿ ಯಾರು ಎಂಥ ಬೇಕಾದ್ರೂ ಹಾಕ್ಲಿ. ನನ್ನ ಕೈಕೆಳಗೆ ಬಾಣಂತಿ ಮೀನು ಮುಟ್ಟುದಿಲ್ಲ. ಮಗುವಿಗೆ ನಂಜಾಗ್ತದೆ," ಎಂದೆ.

ಅವಳ ಎದೆಯಲ್ಲಿ ಹಾಲು ಇಳಿಯುತ್ತಾ ಬಂತು. ಮಗು ಬಾಯಿಟ್ಟು ಎರಡು ಸಲ ಎಳೆದು, ಏನೂ ಸಿಗದೆ ತಲೆ ತಿರುಗಿಸಿ ಚೀರುತ್ತಿತ್ತು. ಸಂಜೆಯಾದರೆ ಲೋಲಾಕ್ಷಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಗೋಡೆ ಸವರಿಕೊಂಡು ನಲ್ಲಿಯ ತನಕ ಹೋಗುತ್ತಿದ್ದಳು. ಒಮ್ಮೆ ಬಕೇಟು ಎಡವಿ ಬಿದ್ದಳು. ಕೆಲಸ ತಪ್ಪಿಸಿಕೊಳ್ಳಲು ನಾಟಕ ಮಾಡುತ್ತಾಳೆ ಎಂದು ನಾನು ಚಾಳಿನ ಹೆಂಗಸರ ಮುಂದೆ ನಗಾಡಿದೆ. ಹೌದು ಪ್ರೇಮ, ನಿನ್ನ ಅಮ್ಮನೇ ನಗಾಡಿದ್ದು.

ನಮ್ಮ ಎದುರಿನ ಖಾಲಿ ಜಾಗದಲ್ಲಿ ಬಿಲ್ಡಿಂಗ್ ಏಳುತ್ತಿದೆ, ನಿನಗೆ ಗೊತ್ತಿಲ್ಲ. ಅಲ್ಲಿ ಗಾರೆ ಹೊರುವ ಮರೆಮ್ಮ ಎಂಬವಳಿದ್ದಾಳೆ, ಕಲಬುರಗಿ ಕಡೆಯವಳು. ಅವಳ ಮಗುವೂ ನಮ್ಮ ಮಗುವಿನ ವಾರಿಗೆಯದ್ದೇ, ಆದರೆ ಕೈಕಾಲು ತುಂಬಿ ಗುಂಡಗಿತ್ತು. ನೀರಿಗೆ ಬಂದಾಗ ಲೋಲಾಕ್ಷಿಯ ಗುರುತಾಗಿತ್ತು. ಅವಳು ದಿನಾ ಒಂದು ರೊಟ್ಟಿ, ಅಗಸೆಯನ್ನು ಹುರಿದು ಖಾರ ಹಾಕಿ ಕುಟ್ಟಿದ ಪುಡಿ, ಎರಡನ್ನೂ ಚಿಂದಿಯಲ್ಲಿ ಕಟ್ಟಿ ತಂದು ಕೊಡುತ್ತಿದ್ದಳಂತೆ. ನಿನ್ನ ಹೆಂಡತಿ ಅದನ್ನು ಬಚ್ಚಲಲ್ಲಿ ನಿಂತು ತಿನ್ನುತ್ತಿದ್ದಳು. ನಾನು ಹಿಡಿದೆ. ಗಂಟನ್ನು ಕಸಿದು, ಹೊರಗೆ ನಿಂತಿದ್ದ ಮರೆಮ್ಮನ ಕಾಲಬುಡಕ್ಕೆ ಎಸೆದೆ.

ಅವಳು ಜಗಳ ಮಾಡಲಿಲ್ಲ. ಚೆಲ್ಲಿದ ಪುಡಿಯನ್ನು ನೋಡಿ ಹೇಳಿದಳು: "ಯಮ್ಮಾ, ನಮ್ ಕಡಿ ಬಾಣ್ತಿಗಿ ಮೊದಲ ಅಗಸಿ ಹಿಂಡಿ ಕೊಡ್ತಾರ್ರಿ. ನೀವು ಬರೇ ಮೆಣಸಿನ ನೀರು ಕುಡಸ್ತೀರಿ. ಹೊಟ್ಟಿ ಖಾಲಿ ಇಟ್ರ ಹಾಲು ಎಲ್ಲಿಂದ ಬರ್ಬೇಕು? ಕೂಸಿನ ಮಾರಿ ನೋಡ್ರಿ ಒಮ್ಮಿ. ನೀವೂ ಹಡದಾಕಿ ಅದೀರಿ."

ನಾನು ಬಾಗಿಲು ಹಾಕಿಕೊಂಡೆ. ಅಂದಿನಿಂದ ಮಗುವಿಗೆ ಡಬ್ಬಿಯ ಹಾಲು ಶುರು ಮಾಡಿದೆ. ದಪ್ಪವಾದರೆ ಅರಗದು ಎಂದು ನೀರು ಹೆಚ್ಚು ಹಾಕಿ ಕಲಸಿದೆ. ನಾಲ್ಕನೆಯ ದಿನ ಭೇದಿ ಹಿಡಿಯಿತು. ಆರನೆಯ ದಿನ ಮಗು ಅಳುವುದನ್ನೂ ನಿಲ್ಲಿಸಿತು. ನನಗೆ ಒಳಗೆ ಹೆದರಿಕೆ, ಹೊರಗೆ ಮಾತ್ರ, "ಬಚ್ಚಲಲ್ಲಿ ಕದ್ದು ತಿಂದದ್ದರ ಫಲ," ಎಂದೆ. ಲೋಲಾಕ್ಷಿ ನನ್ನ ಮುಖವನ್ನೇ ನೋಡಿದಳು.

ಆ ಮಧ್ಯಾಹ್ನ ನಾನು ಸೀಮೆಎಣ್ಣೆಯ ಕ್ಯೂನಿಂದ ಬರುವಾಗ ಬಾಗಿಲಿಗೆ ಬೀಗ. ಪಕ್ಕದ ಮನೆಯವರು ಬೀಗದಕೈ ಕೊಟ್ಟು, "ನಿಮ್ಮ ಸೊಸೆ ಆ ಗಾರೆ ಕೆಲಸದವಳ ಜೊತೆ ಮಗುವನ್ನು ಎತ್ತಿಕೊಂಡು ಸ್ಟೇಷನ್ ಕಡೆ ಓಡಿದಳು," ಎಂದರು. ಕಲ್ಯಾಣದ ಆಸ್ಪತ್ರೆ ಇರಬೇಕೆಂದು ಊಹಿಸಿ ನಾನೂ ಗಾಡಿ ಹತ್ತಿದೆ. ಠಾಕುರ್ಲಿಯಲ್ಲಿ ಸಿಗ್ನಲ್ ಇಲ್ಲದೆ ಗಾಡಿ ನಿಂತಿತು. ಅಷ್ಟು ಹೊತ್ತು ದೇವರಲ್ಲಿ ನಾನು ಕೇಳಿದ್ದು ಒಂದೇ, ಇದೊಂದನ್ನು ಉಳಿಸು ಎಂದು.

ಮಗುವಿನ ತಲೆಯ ನರಕ್ಕೆ ಸೂಜಿ ಚುಚ್ಚಿ ಸಲೈನ್ ಕೊಡುತ್ತಿದ್ದರು. ಡಾಕ್ಟರ್ ಬಾಯಿ, ನಿನ್ನ ವಯಸ್ಸಿನ ಮರಾಠಿ ಹುಡುಗಿ, ಲೋಲಾಕ್ಷಿಯ ಕಣ್ಣಿನ ರೆಪ್ಪೆ ಎತ್ತಿ ನೋಡುತ್ತಿದ್ದಳು. ನಾನು ಅತ್ತೆ ಎಂದು ತಿಳಿದ ಕೂಡಲೇ ತಿರುಗಿದಳು. "ಆಯೀಚ ಉಪಾಶಿ, ಮಗ ಬಾಳಾಲಾ ದೂಧ ಕುಠೂನ?" ತಾಯಿಯೇ ಉಪವಾಸ, ಮಗುವಿಗೆ ಹಾಲು ಎಲ್ಲಿಂದ ಎಂದು ಕೇಳಿದಳು. ಮರೆಮ್ಮ ಕೇಳಿದ ಮಾತೇ, ಭಾಷೆ ಮಾತ್ರ ಬೇರೆ. ನಾನು ಮಗುವಿನ ಕಾಲು ಮುಟ್ಟಲು ಕೈ ಚಾಚಿದೆ.

"ಮುಟ್ಟಬೇಡಿ ಅತ್ತೆ," ಎಂದಳು ಲೋಲಾಕ್ಷಿ. ದೊಡ್ಡ ದನಿಯಲ್ಲಿ ಅಲ್ಲ. "ಇಷ್ಟು ದಿನ ನೀವು ಹೇಳಿದ ಹಾಗೆ ಕೇಳಿದೆ. ಇನ್ನು ಮುಟ್ಟಬೇಡಿ."

ಒಂಬತ್ತು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ನಾನು ವರಾಂಡದಲ್ಲಿ ಕುಳಿತಿರುತ್ತಿದ್ದೆ. ಐದನೆಯ ದಿನ ಡಾಕ್ಟರ್ ಬಾಯಿ ತಾನೇ ಬಂದು ಬೆಂಚಿನಲ್ಲಿ ನನ್ನ ಪಕ್ಕ ಕುಳಿತಳು. ಸೊಪ್ಪು, ಮೊಟ್ಟೆ ಇಲ್ಲದೆ ಸೊಸೆಗೆ ಇರುಳುಗುರುಡು ಬಂದಿದೆ, ಔಷಧಿ ಕೊಟ್ಟಿದ್ದೇನೆ, ಸರಿಹೋಗುತ್ತದೆ ಎಂದಳು. ಬಸುರಿನ ಕೊನೆಯ ತಿಂಗಳುಗಳಲ್ಲಿ, ಹುಟ್ಟಿದ ಮೇಲಿನ ಮೊದಲ ವರ್ಷದಲ್ಲಿ ಮಗುವಿನ ಮಿದುಳು ಬೆಳೆಯುತ್ತದಂತೆ. ಅದಕ್ಕೆ ಒಂದು ಬಗೆಯ ಎಣ್ಣೆಯಂಶ ಬೇಕಂತೆ. ಬೂತಾಯಿ, ಬಂಗುಡೆಯಂಥ ಮೀನಿನಲ್ಲಿ ಅದು ಧಾರಾಳ ಉಂಟು, ಮೀನು ತಿನ್ನದವರಿಗೆ ಜವಸ ಸ್ವಲ್ಪ ಆಸರೆ. ತಾಯಿ ತಿಂದದ್ದೇ ಹಾಲಿಗೆ ಇಳಿಯುವುದು, ಎಂದಳು. ಜವಸ ಎಂದರೆ ನಾನು ಮಣ್ಣಿಗೆ ಚೆಲ್ಲಿದ ಅಗಸೆಯೇ. "ಮೀನೊಂದನ್ನು ತಪ್ಪಿಸಿದ್ದಕ್ಕೆ ಇಷ್ಟೆಲ್ಲ ಆಯಿತೆಂದಲ್ಲ ಆಜಿ. ನೀವು ಹೊಟ್ಟೆಗೇ ಹಾಕಲಿಲ್ಲ," ಎಂದೂ ಹೇಳಿದಳು. ಮಗುವಿನ ಬುದ್ಧಿಗೆ ಏನಾದರೂ ಪೆಟ್ಟು ಬಿದ್ದಿದೆಯೇ ಎಂದು ಕೇಳಿದೆ. ಈಗಲೇ ಹೇಳಲಾಗದು, ಬೆಳೆಯಲಿ, ನೋಡೋಣ ಎಂದಳು. ಆ "ನೋಡೋಣ" ನನ್ನನ್ನು ಕೂರಲೂ ಬಿಡುವುದಿಲ್ಲ, ನಿಲ್ಲಲೂ ಬಿಡುವುದಿಲ್ಲ.

ಆಸ್ಪತ್ರೆಯಿಂದ ಮಧ್ವರಾಜ ತಂಗಿಯನ್ನು ನೇರ ತನ್ನಲ್ಲಿಗೆ ಕರೆದೊಯ್ದ. ಅವನ ಹೆಂಡತಿ ಮೀನು, ಸೊಪ್ಪು, ಮೊಟ್ಟೆ ಎಲ್ಲ ಕೊಡುತ್ತಾಳೆ. ಮರೆಮ್ಮ ಒಂದು ರವಿವಾರ ಅಷ್ಟು ದೂರ ಹೋಗಿ ಅಗಸೆ ಹಿಂಡಿ ಕೊಟ್ಟು ಬಂದಳಂತೆ. ಹಾಲು ಮತ್ತೆ ಬಂದಿದೆ. ಬಾಟಲಿ ಬಿಟ್ಟಾಗಿದೆ. ನಾನು ವಾರಕ್ಕೆ ಮೂರು ಸಲ ಬಸ್ಸು ಹಿಡಿದು ಹೋಗುತ್ತೇನೆ, ಬಂಗುಡೆ ಸಾರು ಮಾಡಿಕೊಂಡು. ಮೊದಲ ದಿನ ಲೋಲಾಕ್ಷಿ ಡಬ್ಬಿಯನ್ನು ಹಾಗೆಯೇ ಹಿಂದೆ ಕೊಟ್ಟಳು. ಈಗ ತೆಗೆದುಕೊಳ್ಳುತ್ತಾಳೆ. ಮಾತಿಲ್ಲ. ಮಗುವನ್ನು ನನ್ನ ಕೈಗೆ ಕೊಡುವುದಿಲ್ಲ. ನಾನು ಹೊಸ್ತಿಲಲ್ಲಿ ಸ್ವಲ್ಪ ಕುಳಿತು ಎದ್ದು ಬರುತ್ತೇನೆ. ಮೊನ್ನೆ ಮಗು ತಾಯಿಯ ದನಿ ಬಂದ ಕಡೆಗೆ ಕತ್ತು ತಿರುಗಿಸಿತು. ಅದನ್ನು ನಾನು ಕಣ್ಣಾರೆ ಕಂಡೆ. ನನ್ನ ಕಡೆಗೆ ತಿರುಗಲಿಲ್ಲ.

ನಿನ್ನಲ್ಲಿ ಕೇಳುವುದು ಒಂದೇ. "ಅಮ್ಮನ ಹತ್ತಿರ ಹಿಂದೆ ಹೋಗು" ಎಂದು ಅವಳಿಗೆ ಬರೆಯಬೇಡ. ನನ್ನ ಮರ್ಯಾದೆ ಉಳಿಸಲಿಕ್ಕೆಂದು ಅವಳನ್ನು ಒತ್ತಾಯಿಸಬೇಡ. ಬೈಯುವುದಿದ್ದರೆ ನನ್ನನ್ನು ಬೈ. ಬಿಸಿಲಿನ ದೇಶ, ಹೊತ್ತುಹೊತ್ತಿಗೆ ಊಟ ಮಾಡು. ದೇವರು ನಿನ್ನನ್ನೂ ಆ ತಾಯಿ ಮಗುವನ್ನೂ ಚೆನ್ನಾಗಿ ಇಡಲಿ.

ನಿನ್ನ ಅಮ್ಮ,
ವಿನೋದಾ

ಬರೆಯದೆ ಬಿಟ್ಟ ಮಾತು: ನಿನಗಿಂತ ಎರಡು ವರ್ಷ ಮೊದಲು ನನಗೊಂದು ಹೆಣ್ಣು ಮಗು ಹುಟ್ಟಿತ್ತು. ನಿನ್ನ ಅಪ್ಪ ಸಾಯುವ ತನಕವೂ ಆ ಮಾತು ನಮ್ಮಲ್ಲಿ ಬರಲಿಲ್ಲ. ಹೆರಿಗೆಯಾಗಿ ಐದನೆಯ ದಿನ, ಹಸಿವು ತಾಳದೆ, ಮುಚ್ಚಿಟ್ಟ ಮಡಕೆಯಿಂದ ಒಂದು ತುಂಡು ಬಂಗುಡೆ ಕದ್ದು ತಿಂದೆ. ಏಳನೆಯ ದಿನ ಮಗುವಿಗೆ ಬಾಯಿ ತೆರೆಯಲು ಬರಲಿಲ್ಲ, ಮೈ ಸೆಟೆಯಿತು. ಒಂಬತ್ತನೆಯ ದಿನ ಹೋಯಿತು. "ನಿನ್ನ ಬಾಯಿಚಪಲ ಮಗುವನ್ನು ತಿಂದಿತು," ಎಂದರು ನಿನ್ನ ಅಜ್ಜಿ. ನಾನು ನಂಬಿದೆ. ನಿನ್ನನ್ನು ಹೊತ್ತಾಗ, ಹಾಲೂಡಿಸುವಾಗ ಮೀನು ಮುಟ್ಟಲಿಲ್ಲ. ನೀನು ಉಳಿದೆ, ಇನ್ನೂ ಗಟ್ಟಿಯಾಗಿ ನಂಬಿದೆ. ಆ ಬೆಂಚಿನಲ್ಲಿ ಡಾಕ್ಟರ್ ಬಾಯಿಗೆ ಇದನ್ನು ಹೇಳಿದೆ. ಹೊಕ್ಕುಳಬಳ್ಳಿಯನ್ನು ಯಾವುದರಿಂದ ಕೊಯ್ದರು ಎಂದು ಕೇಳಿದಳು. ಹುಲ್ಲು ಕೊಯ್ಯುವ ಕತ್ತಿಯಿಂದ ಎಂದೆ. "ಅದೇ ಆಜಿ, ಧನುರ್ವಾಯು. ಮೀನಿನಿಂದ ಅಲ್ಲ," ಎಂದಳು. ಇಪ್ಪತ್ತೊಂಬತ್ತು ವರ್ಷದ ಮೇಲೆ.

ಲೋಲಾಕ್ಷಿಗೆ ಇದು ಗೊತ್ತಿಲ್ಲ. ನೀನೂ ಹೇಳಬೇಡ. ಕೇಳಿದರೆ ಅವಳ ಮನಸ್ಸು ಕರಗಬಹುದು. ನಾನು ಅವಳಿಗೆ ಮಾಡಿದ್ದಕ್ಕೆ ಅದು ಉತ್ತರವಲ್ಲ.